ಯುನಿಕ್ಸ್ ಜಿಪುಣರ ಲೆಕ್ಕಪತ್ರ

ಲಿನಕ್ಸ್, ಓಪನ್‌ಬಿಎಸ್‌ಡಿ, ಫ್ರೀಬಿಎಸ್‌ಡಿಯಂಥ ಯುನಿಕ್ಸ್ ವಂಶದ ಕಾರ್ಯಾಚರಣ ವ್ಯವಸ್ಥೆಗಳನ್ನು ಆಸಕ್ತಿಯಿಂದ ಬಳಸುವವರಲ್ಲಿ ಒಂದು ಪಂಗಡಕ್ಕೆ ತಂತ್ರಾಂಶ ಚಿಕ್ಕದಾಗಿರಬೇಕೆಂಬ ಹಟವಿದೆ. ಕಿಟಕಿಗಳನ್ನು ಜೋಡಿಸುವ ಪ್ರೋಗ್ರಾಮು ಎಷ್ಟು ಸಾಲಿನದು, ಟರ್ಮಿನಲ್ ಎಷ್ಟು ಮೆಮೊರಿ ನುಂಗುತ್ತದೆ, ಯಂತ್ರ ಬೂಟ್ ಆದ ಮೇಲೆ ಹಿನ್ನೆಲೆಯಲ್ಲಿ ಏನೇನು ಓಡುತ್ತಿದೆ ಎಂಬುದೆಲ್ಲ ಇವರಿಗೆ ಬಾಯಿಪಾಠ. ಇವರ ಬಾಯಲ್ಲಿ ಬರುವ ಅತಿ ದೊಡ್ಡ ಬೈಗುಳ ‘ಬ್ಲೋಟ್’. ಬೇಡದ್ದನ್ನೆಲ್ಲ ತುಂಬಿಕೊಂಡು ಊದಿದ ತಂತ್ರಾಂಶಕ್ಕೆ ಆ ಹೆಸರು. ಯಾವುದು ಊದಿದೆ, ಯಾವುದು ಮೈತುಂಬಿದೆ ಎಂಬ ಬಗ್ಗೆ ಮಾತ್ರ ಇಬ್ಬರಲ್ಲಿ ಒಮ್ಮತ ಮೂಡುವುದು ಅಪರೂಪ. ಈ ಹಟಕ್ಕೆ ಐವತ್ತು ದಾಟಿದ ವಯಸ್ಸು. ಶುರುವಿನಲ್ಲಿ ಅದು ಹಟವಾಗಿರಲಿಲ್ಲ, ಬಡತನವಾಗಿತ್ತು.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಸಂಸ್ಥೆ ಮಲ್ಟಿಕ್ಸ್ ಎಂಬ ಮಹತ್ವಾಕಾಂಕ್ಷೆಯ ಯೋಜನೆಯಿಂದ ಹೊರಬಂತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಗೆ ಆಗ ಉಳಿದದ್ದು ಪಿಡಿಪಿ-7 ಎಂಬ ಹಳೆಯ ಯಂತ್ರ. ಯುನಿಕ್ಸ್‌ನ ಮೊದಲ ರೂಪ ಹುಟ್ಟಿದ್ದು ಅದರ ಮೇಲೆ. ಬಳಿಕ ಬಂದ ಪಿಡಿಪಿ-11ರಲ್ಲಿ ಇದ್ದ ಮೆಮೊರಿ 24 ಕಿಲೋಬೈಟ್. ಅದರಲ್ಲಿ 16 ವ್ಯವಸ್ಥೆಗೇ ಹೋಗುತ್ತಿತ್ತು, ಬಳಕೆದಾರರ ಪ್ರೋಗ್ರಾಮಿಗೆ ಮಿಗುತ್ತಿದ್ದದ್ದು 8. ಆದೇಶ ಟೈಪಿಸಲು ಇದ್ದ ಟೆಲಿಟೈಪ್ ಸೆಕೆಂಡಿಗೆ ಹತ್ತು ಅಕ್ಷರವನ್ನಷ್ಟೇ ಕಾಗದದ ಮೇಲೆ ಕುಟ್ಟುತ್ತಿತ್ತು. ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ ಎಂದು ಎರಡೆರಡು ಅಕ್ಷರದ ಆದೇಶಗಳು ಹುಟ್ಟಿದ್ದರ ಹಿಂದೆ ಈ ಯಂತ್ರದ ನಿಧಾನವೂ ಇದೆ. ಥಾಂಪ್ಸನ್ ಬರೆದ ಎಡ್ ಎಂಬ ಸಂಪಾದಕ ಏನೇ ತಪ್ಪಾದರೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಅಚ್ಚು ಮಾಡಿ ಸುಮ್ಮನಾಗುತ್ತಿತ್ತು. ಯಾವ ತಪ್ಪು ಎಂಬುದನ್ನು ಬಳಕೆದಾರರೇ ಊಹಿಸಿಕೊಳ್ಳಬೇಕಿತ್ತು.

ಬಡತನ ತತ್ವವಾದದ್ದು ಪೈಪ್ ಬಂದ ಮೇಲೆ. ತೋಟದ ರಬ್ಬರ್ ಕೊಳವೆಗೆ ಇನ್ನೊಂದು ತುಂಡು ಸಿಕ್ಕಿಸುವ ಹಾಗೆ ಒಂದು ಪ್ರೋಗ್ರಾಮಿಗೆ ಇನ್ನೊಂದನ್ನು ಸಿಕ್ಕಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ ಬರೆದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಒಂದು ರಾತ್ರಿಯಲ್ಲಿ ಕಾರ್ಯಗತಗೊಳಿಸಿದರು. ಒಂದರ ಹೊರಹರಿವು ಇನ್ನೊಂದರ ಒಳಹರಿವಾದೊಡನೆ ಪ್ರತಿ ಪ್ರೋಗ್ರಾಮೂ ಎಲ್ಲವನ್ನೂ ತಾನೇ ಮಾಡಬೇಕಾದ ಅಗತ್ಯ ತಪ್ಪಿತು. ಹುಡುಕಲು ಗ್ರೆಪ್, ವಿಂಗಡಿಸಲು ಸಾರ್ಟ್, ಎಣಿಸಲು ಡಬ್ಲ್ಯುಸಿ. ಒಂದು ಪ್ರೋಗ್ರಾಮು ಒಂದೇ ಕೆಲಸ ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ ಎಂಬ ಸೂತ್ರವನ್ನು ಮೆಕಿಲ್ರಾಯ್ ಮತ್ತು ಸಹೋದ್ಯೋಗಿಗಳು 1978ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ನಿಯತಕಾಲಿಕದಲ್ಲಿ ಬರಹಕ್ಕಿಳಿಸಿದರು. ಆ ಹೊತ್ತಿಗೆ ಮೆಮೊರಿಯ ಬಿಗಿ ಸಡಿಲವಾಗತೊಡಗಿತ್ತು. ಹೀಗಾಗಿ ಸೂತ್ರ ಬರೆದಿಟ್ಟ ಕಾಲಕ್ಕೇ ಅದನ್ನು ಮುರಿಯುವ ಅನುಕೂಲವೂ ಬಂದಿತ್ತು.

ಮುರಿದದ್ದಕ್ಕೆ ಮೊದಲು ದೊಡ್ಡ ದನಿಯಲ್ಲಿ ಆಕ್ಷೇಪ ಎತ್ತಿದವರು ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್. ಕಡತಗಳನ್ನು ಒಂದರ ಹಿಂದೆ ಒಂದರಂತೆ ಹರಿಯಬಿಡುವುದು ಕ್ಯಾಟ್ ಎಂಬ ಆದೇಶದ ಕೆಲಸ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರೂಪುಗೊಂಡ ಯುನಿಕ್ಸ್ ಆವೃತ್ತಿಯಲ್ಲಿ ಇದಕ್ಕೆ ‘ವಿ’ ಎಂಬ ಆಯ್ಕೆ ಸೇರಿತು. ಕಣ್ಣಿಗೆ ಕಾಣದ ನಿಯಂತ್ರಣ ಅಕ್ಷರಗಳನ್ನು ಅದು ಕಾಣುವಂತೆ ತೋರಿಸುತ್ತಿತ್ತು. 1983ರ ಯೂಸೆನಿಕ್ಸ್ ಸಮ್ಮೇಳನದಲ್ಲಿ ಪೈಕ್ ಇದನ್ನೇ ಹಿಡಿದು ವಾದಿಸಿದರು. ಅಕ್ಷರಗಳನ್ನು ಬದಲಿಸಿ ತೋರಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಪ್ರೋಗ್ರಾಮು ಇರಬೇಕು, ಕಡತ ಹರಿಸುವವನ ತಲೆಗೆ ಅದನ್ನು ಕಟ್ಟಬಾರದು ಎಂಬುದು ಅವರ ನಿಲುವು. ಬ್ರಯನ್ ಕರ್ನಿಗನ್ ಜೊತೆ ಮರುವರ್ಷ ಹೊರತಂದ ಪುಸ್ತಕದಲ್ಲಿ ‘ವಿಸ್’ ಎಂಬ ಪ್ರತ್ಯೇಕ ಪ್ರೋಗ್ರಾಮನ್ನು ಬರೆದೂ ತೋರಿಸಿದರು. ಜಗತ್ತು ಕೇಳಲಿಲ್ಲ. ಇಂದಿನ ಲಿನಕ್ಸ್‌ನ ಕ್ಯಾಟ್‌ನಲ್ಲಿ ಆ ಆಯ್ಕೆಯೂ ಇದೆ, ಅದರ ಅಣ್ಣತಮ್ಮಂದಿರೂ ಇದ್ದಾರೆ.

ಬೆಳವಣಿಗೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ‘ಟ್ರೂ’ ಎಂಬ ಆದೇಶದ ಕಥೆ ಸಾಕು. ಅದರ ಕೆಲಸ ಏನನ್ನೂ ಮಾಡದೆ ‘ಯಶಸ್ವಿ’ ಎಂದು ವರದಿ ಮಾಡುವುದು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಅದು ಒಂದು ಖಾಲಿ ಕಡತ. ಖಾಲಿ ಕಡತವನ್ನು ಓಡಿಸಿದರೆ ತಪ್ಪಾಗುವುದಕ್ಕೆ ಏನೂ ಇಲ್ಲವಾದ್ದರಿಂದ ಫಲಿತಾಂಶ ಯಾವಾಗಲೂ ಯಶಸ್ಸು. ಗ್ನೂ ಯೋಜನೆಯ ಟ್ರೂಗೆ ಸಹಾಯ ಪುಟ ತೋರಿಸುವ, ಆವೃತ್ತಿ ಸಂಖ್ಯೆ ತಿಳಿಸುವ ಆಯ್ಕೆಗಳಿವೆ. ಆವೃತ್ತಿ ಸಂಖ್ಯೆಯನ್ನು ತುಂಬಿಹೋದ ಡಿಸ್ಕಿಗೆ ಬರೆಯಲು ಹೇಳಿದರೆ ಬರೆಯಲಾಗದೆ ಅದು ‘ವಿಫಲ’ ಎಂದು ವರದಿ ಮಾಡುತ್ತದೆ. ಸದಾ ಯಶಸ್ವಿಯಾಗುವುದನ್ನೇ ವೃತ್ತಿ ಮಾಡಿಕೊಂಡ ಪ್ರೋಗ್ರಾಮು ಸೋಲಬಹುದಾದ ಈ ಸಂದರ್ಭವನ್ನು ಗ್ನೂ ಕೈಪಿಡಿಯೇ ಪ್ರಾಮಾಣಿಕವಾಗಿ ದಾಖಲಿಸಿದೆ. ಮಿನಿಮಲಿಸಂ ಪಕ್ಷದವರಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಹಟವನ್ನು ಚಳವಳಿಯಾಗಿಸಿದವರಲ್ಲಿ ಮುಖ್ಯರು ಜರ್ಮನಿಯ ಆನ್ಸೆಲ್ಮ್ ಗಾರ್ಬೆ ಸುತ್ತ ಕೂಡಿದ ‘ಸಕ್‌ಲೆಸ್’ ಬಳಗ. 2006ರಲ್ಲಿ ಬಂದ ಅವರ ಡಿಡಬ್ಲ್ಯುಎಂ ಎಂಬ ಕಿಟಕಿ ನಿರ್ವಾಹಕ ಎರಡು ಸಾವಿರ ಸಾಲು ಮೀರಬಾರದೆಂಬ ಗಡಿ ಹಾಕಿಕೊಂಡಿದೆ. ಇದು ಕಿಟಕಿಗಳನ್ನು ಒಂದರ ಮೇಲೊಂದು ಹೇರದೆ ಹೆಂಚು ಹೊದಿಸಿದ ಹಾಗೆ ಪಕ್ಕಪಕ್ಕ ಇಡುತ್ತದೆ. ಮೌಸಿನ ಕೆಲಸ ಬಹುತೇಕ ಕೀಲಿಮಣೆಗೆ ಬರುತ್ತದೆ. ಸೆಟ್ಟಿಂಗ್ ಪುಟವಿಲ್ಲ, ಓಡುವಾಗ ಓದಿಕೊಳ್ಳುವ ಸಂರಚನಾ ಕಡತವೂ ಇಲ್ಲ. ಅಂಚಿನ ಬಣ್ಣ ಬದಲಿಸಬೇಕಿದ್ದರೂ ಸಿ ಭಾಷೆಯ ಕಡತವೊಂದನ್ನು ತಿದ್ದಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕು. ಸಂರಚನೆಯನ್ನು ಓದಿ ಅರ್ಥಮಾಡಿಕೊಳ್ಳುವ ಸಂಕೇತವೂ ಒಂದು ಭಾರವೇ ಎಂಬುದು ತರ್ಕ. ಇದರಿಂದ ಹೊಸಬರು ದೂರ ಉಳಿಯುತ್ತಾರೆಂಬುದನ್ನು ಬಳಗ ಮುಚ್ಚಿಡುವುದಿಲ್ಲ. ಬಳಕೆದಾರರು ಕಡಿಮೆ ಇದ್ದಷ್ಟೂ ಒಳ್ಳೆಯದೆಂಬ ಧಾಟಿಯಲ್ಲಿ ಹೇಳಿಕೊಳ್ಳುತ್ತದೆ ಕೂಡ. ವಿನಯ ಈ ಪಂಥದ ಗುಣಗಳಲ್ಲಿ ಒಂದಲ್ಲ.

ಮೂಲದಲ್ಲಿ ಇಲ್ಲದ ಸೌಲಭ್ಯ ಬೇಕಾದವರಿಗೆ ಪ್ಯಾಚ್‌ಗಳಿವೆ. ಅವು ಮೂಲ ಸಂಕೇತಕ್ಕೆ ಹಚ್ಚಿಕೊಳ್ಳುವ ತೇಪೆಗಳು. ಒಂದು ತೇಪೆ ಸುಲಭವಾಗಿ ಕೂರುತ್ತದೆ. ಎರಡನೆಯದು ಮೊದಲನೆಯದು ತಿದ್ದಿದ ಸಾಲನ್ನೇ ತಿದ್ದಲು ಹೊರಟರೆ ಬಳಕೆದಾರ ಕೈಯಾರೆ ಕೂಡಿಸಬೇಕು. ಹೊಸ ಆವೃತ್ತಿ ಬಂದಾಗ ಎಲ್ಲವನ್ನೂ ಮತ್ತೆ ಕೂರಿಸಬೇಕು. ಮೂಲ ಲೇಖಕರ ಎರಡು ಸಾವಿರ ಸಾಲು ಎರಡು ಸಾವಿರವಾಗಿಯೇ ಉಳಿಯುತ್ತದೆ, ನಿಜ. ಆದರೆ ಪ್ರತಿಯೊಬ್ಬ ಬಳಕೆದಾರನೂ ತನ್ನದೇ ಆವೃತ್ತಿಯ ನಿರ್ವಾಹಕನಾಗುತ್ತಾನೆ. ಸಂಕೀರ್ಣತೆ ಕರಗಲಿಲ್ಲ, ಮನೆ ಬದಲಿಸಿತು.

ಇದೇ ಬಳಗದ ಎಸ್‌ಟಿ ಎಂಬ ಟರ್ಮಿನಲ್‌ನಲ್ಲಿ ಮೇಲೆ ಸರಿದು ಹೋದ ಸಾಲುಗಳನ್ನು ಹಿಂದಕ್ಕೆಳೆದು ನೋಡುವ ಸೌಲಭ್ಯ ಮೂಲದಲ್ಲಿಲ್ಲ. ಅದು ಟರ್ಮಿನಲ್‌ನ ಕೆಲಸವಲ್ಲ, ಬೇಕಾದವರು ಟಿಮಕ್ಸ್‌ನಂಥ ಪ್ರೋಗ್ರಾಮನ್ನು ಒಳಗೆ ಓಡಿಸಿಕೊಳ್ಳಲಿ ಎಂಬುದು ಉತ್ತರ. ಟಿಮಕ್ಸ್ ಎಸ್‌ಟಿಗಿಂತ ಹಲವು ಪಟ್ಟು ದೊಡ್ಡದು. ಬಳಗದ ಸರ್ಫ್ ಎಂಬ ಬ್ರೌಸರಿನದೂ ಅದೇ ಪಾಡು. ಅದರ ಸ್ವಂತ ಸಂಕೇತ ಬೆರಳೆಣಿಕೆಯ ಕಡತಗಳಷ್ಟು. ಪುಟವನ್ನು ನಿಜವಾಗಿ ಬಿಡಿಸುವುದು ಮಾತ್ರ ಲಕ್ಷಾಂತರ ಸಾಲುಗಳ ವೆಬ್‌ಕಿಟ್. ಹಳೆಯ ಎಕ್ಸ್ ಕಿಟಕಿ ವ್ಯವಸ್ಥೆಯಿಂದ ಹೊಸ ವೇಲ್ಯಾಂಡಿಗೆ ಹೋದಾಗ ಡಿಡಬ್ಲ್ಯುಎಂಗೆ ಡಿಡಬ್ಲ್ಯುಎಲ್ ಎಂಬ ವಾರಸುದಾರ ಹುಟ್ಟಿ ಅದೂ ಚಿಕ್ಕದಾಗಿಯೇ ಉಳಿಯಿತು. ಚಿಕ್ಕದಾಗಿ ಉಳಿಯಲು ಅದು ಒರಗಿಕೊಂಡಿರುವ ಡಬ್ಲ್ಯುಎಲ್‌ರೂಟ್ಸ್ ಗ್ರಂಥಾಲಯ ಸುಮಾರು 60,000 ಸಾಲಿನದು ಎಂದು ಅದರ ಕರ್ತೃಗಳೇ ಹೇಳಿಕೊಳ್ಳುತ್ತಾರೆ. ಸಾಲು ಎಣಿಸುವುದು ಸುಲಭ, ಅವಲಂಬನೆ ಎಣಿಸುವುದು ಕಷ್ಟ. ಈ ಬಳಗ ಬಹುಪಾಲು ಸುಲಭವಾದದ್ದನ್ನೇ ಎಣಿಸುತ್ತ ಬಂದಿದೆ.

ಸಂಪಾದಕಗಳ ಜಗಳಕ್ಕೆ ಇಲ್ಲಿ ಹೆಚ್ಚು ಜಾಗ ಕೊಡಬೇಕಿಲ್ಲ, ಅದು ಪುರಾಣದಷ್ಟು ಹಳೆಯದು. ಬಿಲ್ ಜಾಯ್ 1976ರಲ್ಲಿ ಬರೆಯಲು ತೊಡಗಿದ ವಿಐ ನಿಧಾನಗತಿಯ ಮೋಡೆಮ್‌ಗೆ ಹೊಂದುವಂತೆ ರೂಪುಗೊಂಡಿತು. ಕರ್ಸರನ್ನು ಎಚ್, ಜೆ, ಕೆ, ಎಲ್ ಕೀಲಿಗಳಿಂದ ಓಡಿಸುವ ಪದ್ಧತಿ ಬಂದದ್ದು ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನ ಆ ನಾಲ್ಕು ಕೀಲಿಗಳ ಮೇಲೇ ಬಾಣದ ಗುರುತುಗಳಿದ್ದುದರಿಂದ. ಅದರ ಕುಡಿಯಾಗಿ 1991ರಲ್ಲಿ ವಿಮ್, 2014ರಲ್ಲಿ ಕವಲೊಡೆದು ನಿಯೋವಿಮ್ ಬಂದವು. ಎದುರು ಪಕ್ಷದ ಇಮ್ಯಾಕ್ಸ್ ಎಂಟು ಮೆಗಾಬೈಟ್ ತಿನ್ನುತ್ತದೆಂಬ ಹಾಸ್ಯ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಇವತ್ತಿನ ಒಂದು ಬ್ರೌಸರ್ ಟ್ಯಾಬಿಗೆ ಅಷ್ಟು ಸಾಲುವುದಿಲ್ಲ. ಗಮನಿಸಬೇಕಾದ ಸಂಗತಿ ಬೇರೆ ಇದೆ. ಕೀಲಿಮಣೆ ಬಿಟ್ಟು ಕೈ ಎತ್ತದಿರುವುದೇ ಅಸಲಿ ಯುನಿಕ್ಸ್ ಎಂದು ಇಂದಿನ ಹವ್ಯಾಸಿಗಳು ನಂಬಿದ್ದಾರೆ. ಆದರೆ ಯುನಿಕ್ಸ್ ಕಟ್ಟಿದ ಕೊಠಡಿಯಿಂದಲೇ ಹೊರಬಂದ ಪ್ಲಾನ್ 9 ವ್ಯವಸ್ಥೆಯ ಆಕ್ಮಿ ಎಂಬ ಸಂಪಾದಕ ಮೂರು ಗುಂಡಿಯ ಮೌಸಿಲ್ಲದೆ ಹೆಜ್ಜೆ ಇಡದು. ಸಂಕೇತಕ್ಕೆ ಬಣ್ಣ ಹಚ್ಚುವ ಸೌಲಭ್ಯವನ್ನೂ ಅದು ಕೊಡುವುದಿಲ್ಲ. ಮೂಲಪುರುಷರ ಮಿತವ್ಯಯಕ್ಕೂ ಭಕ್ತರ ಮಿತವ್ಯಯಕ್ಕೂ ಅಷ್ಟು ಅಂತರ.

ಮಿನಿಮಲಿಸಂನ ಪರವಾದ ಗಟ್ಟಿ ವಾದವಿರುವುದು ಅಂದಚಂದದಲ್ಲಲ್ಲ, ಭದ್ರತೆಯಲ್ಲಿ. ಆದೇಶಗಳನ್ನು ಓದಿ ನಡೆಸುವ ಶೆಲ್‌ಗಳ ವಿಷಯ ನೋಡಬಹುದು. ವ್ಯವಸ್ಥೆಯ ಒಳಗಿನ ಸ್ಕ್ರಿಪ್ಟುಗಳನ್ನು ಓಡಿಸಲು ಉಬುಂಟು ಎಂಬ ಲಿನಕ್ಸ್ ವಿತರಣೆ 2006ರ ಅಕ್ಟೋಬರಿನ 6.10ನೇ ಆವೃತ್ತಿಯಲ್ಲಿ ಬ್ಯಾಶ್ ಬದಲು ಡ್ಯಾಶ್ ಎಂಬ ಚಿಕ್ಕ ಶೆಲ್ ತಂದಿತು. ಉದ್ದೇಶ ಬೂಟ್ ಬೇಗ ಆಗಲಿ ಎಂಬುದಷ್ಟೇ. ಬ್ಯಾಶ್‌ನ ವಿಶೇಷ ಸೌಕರ್ಯಗಳನ್ನು ನೆಚ್ಚಿದ್ದ ಸ್ಕ್ರಿಪ್ಟುಗಳು ಮುರಿದುಬಿದ್ದು ಆಗ ಸಾಕಷ್ಟು ಬೈಗುಳ ಬಂತು. 2014ರ ಸೆಪ್ಟೆಂಬರಿನಲ್ಲಿ ಬ್ಯಾಶ್‌ನೊಳಗೆ 1989ರಿಂದಲೂ ಅವಿತಿದ್ದ ‘ಶೆಲ್‌ಶಾಕ್’ ದೋಷ ಬಯಲಾಯಿತು. ಪರಿಸರ ಚರದಲ್ಲಿ ಬಂದ ಪಠ್ಯವನ್ನು ಬ್ಯಾಶ್ ಆದೇಶವೆಂದೇ ನಡೆಸಿಬಿಡುತ್ತಿತ್ತು. ಡ್ಯಾಶ್‌ನಲ್ಲಿ ಆ ಸೌಲಭ್ಯವೇ ಇರಲಿಲ್ಲವಾದ್ದರಿಂದ ಅದನ್ನು ಬಳಸುತ್ತಿದ್ದ ಡೆಬಿಯನ್, ಉಬುಂಟು ವಿತರಣೆಗಳಲ್ಲಿ ದಾಳಿಗೆ ತೆರೆದುಕೊಂಡ ದಾರಿಗಳು ಕಡಿಮೆಯಾಗಿದ್ದವು. ವೇಗಕ್ಕಾಗಿ ಮಾಡಿದ ಕಡಿತ ಎಂಟು ವರ್ಷದ ನಂತರ ರಕ್ಷಣೆಗೆ ಬಂತು.

ಸುಡು ಮತ್ತು ಡೂಆಸ್ ಕಥೆಯೂ ಅದೇ ಜಾತಿಯದು. ಸಾಮಾನ್ಯ ಬಳಕೆದಾರನಿಗೆ ಕ್ಷಣಕಾಲ ಆಡಳಿತಾಧಿಕಾರ ಕೊಡುವುದು ಸುಡು ಆದೇಶದ ಕೆಲಸ. ದೊಡ್ಡ ಸಂಸ್ಥೆಗಳ ನೂರೆಂಟು ಬೇಡಿಕೆಗಳಿಗೆ ಒಗ್ಗುತ್ತ ಅದು ದಶಕಗಳಲ್ಲಿ ಬೆಳೆಯಿತು. ಒಬ್ಬರೇ ಕೂರುವ ಲ್ಯಾಪ್‌ಟಾಪಿಗೆ ಅದರ ಬಹುಭಾಗ ಅನಗತ್ಯ. ಓಪನ್‌ಬಿಎಸ್‌ಡಿಯ ಟೆಡ್ ಉನಾಂಗ್ಸ್ಟ್ ಬರೆದ ಡೂಆಸ್ 2015ರ ಅಕ್ಟೋಬರಿನ 5.8ನೇ ಆವೃತ್ತಿಯಲ್ಲಿ ಸುಡುವಿನ ಜಾಗಕ್ಕೆ ಬಂತು. ಅದರ ಸಂರಚನೆ ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. 2021ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಸುಡುವಿನಲ್ಲಿ ಯಾವುದೇ ಸ್ಥಳೀಯ ಬಳಕೆದಾರನನ್ನು ಆಡಳಿತಾಧಿಕಾರಿಯಾಗಿಸಬಲ್ಲ ದೋಷವನ್ನು ಪ್ರಕಟಿಸಿದರು. 2011ರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಓದಿ ಮುಗಿಸಬಹುದಾದ ಸಂಕೇತವನ್ನು ಯಾರಾದರೂ ಓದಿಯಾರು ಎಂಬ ನಂಬಿಕೆಗೆ ಇಂಥ ಘಟನೆಗಳು ಬಲ ಕೊಡುತ್ತವೆ.

ಕಡಿತಕ್ಕೂ ಬೆಲೆಯುಂಟು. ಒಂದೇ ಫ್ಲಾಪಿಯಿಂದ ಡೆಬಿಯನ್ ಬೂಟ್ ಆಗಲೆಂದು ಬ್ರೂಸ್ ಪೆರೆನ್ಸ್ ತೊಂಬತ್ತರ ದಶಕದ ಮಧ್ಯದಲ್ಲಿ ರೂಪಿಸಿದ ಬಿಸಿಬಾಕ್ಸ್ ಹತ್ತಾರು ಆದೇಶಗಳನ್ನು ಒಂದೇ ಕಡತದಲ್ಲಿ ಅಡಗಿಸಿತು. 2011ರಲ್ಲಿ ರಿಚ್ ಫೆಲ್ಕರ್ ಹೊರತಂದ ಮಸಲ್ ಸಿ ಭಾಷೆಯ ಮೂಲ ಗ್ರಂಥಾಲಯವನ್ನು ಚೊಕ್ಕವಾಗಿ ಮರುಬರೆಯಿತು. ಇವೆರಡನ್ನೂ ಸೇರಿಸಿದ ಆಲ್ಪೈನ್ ಲಿನಕ್ಸ್, ಪ್ರೋಗ್ರಾಮುಗಳನ್ನು ಪೊಟ್ಟಣ ಕಟ್ಟಿ ಸಾಗಿಸುವ ಡಾಕರ್ ಕಾಲದಲ್ಲಿ, ಸುಮಾರು ಐದು ಮೆಗಾಬೈಟಿನ ಪೊಟ್ಟಣವಾಗಿ ಜಗತ್ತಿನ ಸರ್ವರುಗಳಿಗೆ ಹರಡಿತು. ಆದರೆ ಹೆಸರನ್ನು ಅಂತರ್ಜಾಲ ವಿಳಾಸವಾಗಿಸುವ ಡಿಎನ್‌ಎಸ್ ಉತ್ತರ ಒಂದು ಜಾಲ ಪ್ಯಾಕೆಟ್ಟಿನಲ್ಲಿ ಹಿಡಿಸದಿದ್ದಾಗ ಟಿಸಿಪಿ ಮೂಲಕ ಮತ್ತೆ ಕೇಳುವ ಕ್ರಮವನ್ನು ಮಸಲ್ ಬೇಕೆಂದೇ ಬಿಟ್ಟಿತ್ತು. ಉತ್ತರಗಳು ದೊಡ್ಡದಾಗುತ್ತ ಹೋದಂತೆ ಕೆಲವು ಹೆಸರುಗಳು ಆಲ್ಪೈನ್‌ನಲ್ಲಿ ಮಾತ್ರ ಸಿಗದೆ ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. 2023ರ ಮೇ ತಿಂಗಳ 1.2.4ನೇ ಆವೃತ್ತಿಯಲ್ಲಿ ಆ ಕ್ರಮ ಸೇರಿತು. ಲೇಖಕರು ಉಳಿಸಿದ ಕೆಲವು ಸಾಲುಗಳಿಗೆ ಬೇರೆ ಯಾರೋ ರಾತ್ರಿ ನಿದ್ದೆ ಕೊಟ್ಟಿದ್ದರು.

ಮಿತವ್ಯಯಿಗಳನ್ನು ಅತಿ ಹೆಚ್ಚು ಕೆರಳಿಸಿದ್ದು ಸಿಸ್ಟಂಡಿ. ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಆರಂಭಿಸಿದ ಇದು ಬೂಟ್ ಆದೊಡನೆ ಮೊದಲು ಎದ್ದು ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವ ಪ್ರೋಗ್ರಾಮು. ಕ್ರಮೇಣ ದಾಖಲೆ, ಲಾಗಿನ್, ನೆಟ್‌ವರ್ಕ್, ಗಡಿಯಾರಗಳ ಉಸ್ತುವಾರಿಯೂ ಅದೇ ಯೋಜನೆಯ ಕೆಳಗೆ ಬಂತು. ಒಂದೇ ಕೆಲಸದ ಸೂತ್ರಕ್ಕೆ ಇದು ನೇರ ವಿರೋಧವೆಂದು ಹಳಬರು ಸಿಡಿದರು. ಡೆಬಿಯನ್ 2014ರಲ್ಲಿ ಇದನ್ನು ಒಪ್ಪಿಕೊಂಡಾಗ ಒಂದು ಗುಂಪು ಹೊರನಡೆದು ಸಿಸ್ಟಂಡಿ ಇಲ್ಲದ ಡೆವುಆನ್ ಕಟ್ಟಿತು. ಸಿಸ್ಟಂಡಿಯ ಬದಲು ವಾಯ್ಡ್ ಲಿನಕ್ಸ್ ರನಿಟ್ ಹಿಡಿಯಿತು, ಆಲ್ಪೈನ್ ಮತ್ತು ಜೆಂಟೂ ಓಪನ್‌ಆರ್‌ಸಿಗೆ ಅಂಟಿಕೊಂಡವು. ನೂರಾರು ಸರ್ವರು ನೋಡಿಕೊಳ್ಳುವವರಿಗೆ ಸಿಸ್ಟಂಡಿ ತಂದ ಏಕರೂಪತೆ ದೊಡ್ಡ ನೆಮ್ಮದಿ ಎಂಬುದನ್ನು ವಿರೋಧಿಗಳು ಸಾಮಾನ್ಯವಾಗಿ ಎಣಿಕೆಗೆ ತರುವುದಿಲ್ಲ. ಅವರ ಅನುಮಾನ ಪೂರ್ತಿ ಹುಸಿಯಾಗಿರಲಿಲ್ಲ ಎಂಬುದು 2024ರಲ್ಲಿ ಗೊತ್ತಾಯಿತು.

ಆ ವರ್ಷದ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ಹಿಂಬಾಗಿಲನ್ನು ಬಯಲು ಮಾಡಿದರು. ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದರ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಅದು. ವಿಷವಿದ್ದದ್ದು ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಲಕರಣೆಯ ಗ್ರಂಥಾಲಯದಲ್ಲಿ. ಲಾಗಿನ್ ಮಾಡಿಸುವ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಜೆಡ್‌ಗೂ ನೇರ ಸಂಬಂಧವೇ ಇಲ್ಲ. ಓಪನ್‌ಬಿಎಸ್‌ಡಿಯವರು ಬರೆದ ಮೂಲದಲ್ಲಿ ಅದರ ಸುಳಿವೂ ಇರಲಿಲ್ಲ. ಆದರೆ ‘ಸೇವೆ ಸಿದ್ಧವಾಗಿದೆ’ ಎಂಬ ಒಂದು ಸಂದೇಶವನ್ನು ಸಿಸ್ಟಂಡಿಗೆ ಮುಟ್ಟಿಸಲು ಡೆಬಿಯನ್, ಫೆಡೋರಾದವರು ಓಪನ್‌ಎಸ್‌ಎಸ್‌ಎಚ್‌ಗೆ ತೇಪೆ ಹಾಕಿ ಸಿಸ್ಟಂಡಿಯ ಗ್ರಂಥಾಲಯವನ್ನು ಜೋಡಿಸಿದ್ದರು. ಆ ಗ್ರಂಥಾಲಯ ತನ್ನ ಬೇರೆ ಯಾವುದೋ ಕೆಲಸಕ್ಕೆ ಎಕ್ಸ್‌ಜೆಡ್ ಅನ್ನು ಎಳೆದು ತಂದಿತ್ತು. ಸಂದೇಶ ಕಳಿಸುವ ಕೆಲಸಕ್ಕೆ ನಿಜವಾಗಿ ಬೇಕಿದ್ದದ್ದು ಕೆಲವೇ ಹತ್ತು ಸಾಲು. ಅದೇ ವರ್ಷ ಜುಲೈಯಲ್ಲಿ ಬಂದ 9.8ನೇ ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಚ್ ಆ ಸಾಲುಗಳನ್ನು ತಾನೇ ಬರೆದುಕೊಂಡಿತು. ಸಾಲು ಹೆಚ್ಚಿತು, ಅವಲಂಬನೆ ಕಡಿಮೆಯಾಯಿತು.

ಮಿತವ್ಯಯಿಗಳು ಈ ಪ್ರಕರಣವನ್ನು ತಮ್ಮ ಗೆಲುವೆಂದು ಕೊಂಡಾಡಿದರು. ಅರ್ಧ ಮಾತ್ರ ಸರಿ. ಎಕ್ಸ್‌ಜೆಡ್ ಕೂಡ ಚಿಕ್ಕದು, ಒಂದೇ ಕೆಲಸ ಮಾಡುವಂಥದು, ಸೂತ್ರಕ್ಕೆ ತಕ್ಕ ಮಗು. ಅದನ್ನು ನೋಡಿಕೊಳ್ಳುತ್ತಿದ್ದವರು ದಣಿದಿದ್ದ ಒಬ್ಬರೇ ಸ್ವಯಂಸೇವಕ. ಸಹಾಯದ ಹೆಸರಿನಲ್ಲಿ ವರ್ಷಗಟ್ಟಲೆ ವಿಶ್ವಾಸ ಗಳಿಸಿಕೊಂಡು ಒಳಬಂದ ವ್ಯಕ್ತಿಯೇ ವಿಷವಿಟ್ಟದ್ದು. ಪ್ರೋಗ್ರಾಮನ್ನು ಚಿಕ್ಕದಾಗಿಸಿದರೆ ಅದರ ಹಿಂದಿನ ಮನುಷ್ಯಬಲವೂ ಚಿಕ್ಕದಾಗುತ್ತದೆ ಎಂಬುದು ಯಾರ ಸಾಲುಲೆಕ್ಕದಲ್ಲೂ ಬರುವುದಿಲ್ಲ.

ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಕನ್ನಡದ ಹತ್ತಿರ ಬಂದಾಗ ತೀಕ್ಷ್ಣವಾಗುತ್ತದೆ. ಇಂದು ಕನ್ನಡ ಪಠ್ಯವನ್ನು ಹೊತ್ತು ಸಾಗುವ ಯುಟಿಎಫ್-8 ಎಂಬ ಸಂಕೇತಕ್ರಮ ಮಿತವ್ಯಯಿಗಳದೇ ಕೊಡುಗೆ. ಥಾಂಪ್ಸನ್ ಮತ್ತು ಪೈಕ್ 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಊಟದಂಗಡಿಯಲ್ಲಿ ತಟ್ಟೆಯಡಿಯ ಕಾಗದದ ಮೇಲೆ ಅದನ್ನು ರೂಪಿಸಿದ್ದು ಪ್ಲಾನ್ 9ಕ್ಕಾಗಿ. ಹಳೆಯ ಇಂಗ್ಲಿಷ್ ಕಡತಗಳು ಕೆಡದಂತೆ, ಬೈಟ್ ಮಾತ್ರ ಬಲ್ಲ ಹಳೆಯ ಸಲಕರಣೆಗಳು ತಡವರಿಸದಂತೆ ಜಗತ್ತಿನ ಲಿಪಿಗಳನ್ನು ಅದು ಒಳಗೊಂಡಿತು. ಅದರಿಂದಾಗಿಯೇ ಇವತ್ತು ಗ್ರೆಪ್‌ಗೆ ‘ಕನ್ನಡ’ ಎಂದು ಕೊಟ್ಟರೆ ಕಡತದೊಳಗಿಂದ ತಪ್ಪದೆ ಹೆಕ್ಕಿ ತೆಗೆಯುತ್ತದೆ.

ತೆರೆಗೆ ಬಂದಾಗ ಕಥೆ ಬೇರೆ. ‘ಕನ್ನಡ’ ಎಂಬುದು ಓದುವವರ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್ ಎಣಿಕೆಯಲ್ಲಿ ಐದು ಸಂಕೇತ, ಕಡತದಲ್ಲಿ ಹದಿನೈದು ಬೈಟ್. ನಕಾರ, ಹಲಂತ ಚಿಹ್ನೆ, ಮತ್ತೊಂದು ನಕಾರ ಸೇರಿ ಒತ್ತಾಗಿ ಕೆಳಗಿಳಿಯಬೇಕಾದರೆ ಫಾಂಟಿನೊಳಗಿನ ನಿಯಮಗಳನ್ನು ಓದಿ ಆಕಾರ ಕಟ್ಟುವ ಹಾರ್ಫ್‌ಬಜ್‌ನಂಥ ಗ್ರಂಥಾಲಯ ಬೇಕು. ಎಸ್‌ಟಿ, ಡಿಮೆನು ಮುಂತಾದ ಸಕ್‌ಲೆಸ್ ಪ್ರೋಗ್ರಾಮುಗಳು ಮೂಲದಲ್ಲಿ ಅದನ್ನು ಸೇರಿಸಿಕೊಂಡಿಲ್ಲ. ಒಂದು ಸಂಕೇತಕ್ಕೆ ಒಂದು ಆಕಾರ ಎಂಬ ಲೆಕ್ಕದಲ್ಲಿ ಅವು ಚಿತ್ರಿಸುತ್ತವೆ. ಇಂಗ್ಲಿಷಿಗೆ, ಜರ್ಮನ್ ಭಾಷೆಗೆ ಅಷ್ಟು ಸಾಕು. ಕನ್ನಡದ ಒತ್ತುಗಳು ಕೂಡದೆ ಚದುರುತ್ತವೆ. ಬ್ಲೋಟ್ ಎಂದು ಹೊರಗಿಟ್ಟದ್ದರಲ್ಲಿ ಭಾರತದ ಹಲವು ಲಿಪಿಗಳೂ ಸೇರಿಹೋದವು. ದ್ವೇಷದಿಂದಲ್ಲ, ಪಟ್ಟಿ ಬರೆದವರ ಕಣ್ಣೆದುರು ಅವು ಇರಲಿಲ್ಲ ಅಷ್ಟೆ. ಬಳಗದವರು ಊದಿದ್ದೆಂದು ಗೇಲಿ ಮಾಡಿದ ಇಮ್ಯಾಕ್ಸ್ 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಬಳಸುತ್ತಿದೆ. ತನ್ನದೇ ಕಿಟಕಿಯಲ್ಲಿ ಓಡುವಾಗ ಅದು ಕನ್ನಡವನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ.

ಎಸ್‌ಟಿಗೆ ಹಾರ್ಫ್‌ಬಜ್ ಜೋಡಿಸುವ ತೇಪೆಯೊಂದಿದೆ. ಅದು ಹುಟ್ಟಿದ್ದು ಪ್ರೋಗ್ರಾಮಿಂಗ್ ಫಾಂಟುಗಳ ಜೋಡಿ ಚಿಹ್ನೆಗಳಿಗಾಗಿ. ಹಚ್ಚಿದರೂ ಟರ್ಮಿನಲ್‌ನ ಮೂಲ ಕಟ್ಟು ಅಡ್ಡ ಬರುತ್ತದೆ. ಟರ್ಮಿನಲ್ ಎಂದರೆ ಸಮಗಾತ್ರದ ಚೌಕಗಳ ಹಾಸು. ಒಂದು ಅಕ್ಷರಕ್ಕೆ ಎಷ್ಟು ಚೌಕ ಎಂಬುದನ್ನು ಗ್ರಂಥಾಲಯದ ಒಂದು ಕೋಷ್ಟಕ ಸಂಕೇತದಿಂದ ಸಂಕೇತಕ್ಕೆ ಬಿಡಿಬಿಡಿಯಾಗಿ ಹೇಳುತ್ತದೆ. ‘ಸ್ತ್ರೀ’ಯ ಮೂರು ವ್ಯಂಜನಗಳಿಗೆ ಅದು ಮೂರು ಚೌಕ ಮೀಸಲಿಡುತ್ತದೆ, ಒತ್ತುಗಳು ಮೊದಲನೆಯದರ ಕೆಳಗೆ ಸರಿದ ಮೇಲೆ ಉಳಿದವು ತೆರವು. ಟರ್ಮಿನಲ್ ತನ್ನಷ್ಟಕ್ಕೆ ಈ ಎಣಿಕೆ ತಿದ್ದಿಕೊಂಡರೆ ಒಳಗೆ ಓಡುವ ವಿಮ್ ಹಳೆಯ ಎಣಿಕೆಯಲ್ಲೇ ಉಳಿದು ಕರ್ಸರ್ ಬೇರೆಲ್ಲೋ ನಿಲ್ಲುತ್ತದೆ. ವಿಮ್ ಒಪ್ಪಿದರೂ ನಡುವೆ ಕೂತ ಟಿಮಕ್ಸ್ ಒಪ್ಪಬೇಕು, ಶೆಲ್‌ನ ಸಾಲು ತಿದ್ದುವ ಭಾಗ ಒಪ್ಪಬೇಕು, ದೂರದ ಸರ್ವರಿನಲ್ಲಿರುವ ಗ್ರಂಥಾಲಯವೂ ಅದನ್ನೇ ಹೇಳಬೇಕು. ಒಂದೊಂದು ಕೆಲಸ ಮಾಡುವ ಚಿಕ್ಕ ಪ್ರೋಗ್ರಾಮುಗಳಲ್ಲಿ ಹಂಚಿಹೋಗಿರುವ ಈ ತಪ್ಪು ಅವುಗಳಲ್ಲಿ ಯಾವ ಒಂದರ ಕೆಲಸವೂ ಅಲ್ಲ. ಆದ್ದರಿಂದ ಈವರೆಗೆ ಅದಕ್ಕೆ ಸಿಕ್ಕಿರುವುದು ಅಲ್ಲಲ್ಲಿನ ಅರೆಬರೆ ಪರಿಹಾರಗಳು.